ಬೇರೆ ಕಂಪನಿಯ ಎಸ್‌ಎಫ್‌ಪಿ ಹಾಕಿದರೆ ಸ್ವಿಚ್ ಸುಟ್ಟುಹೋಗುತ್ತದೆಯೇ?

ಅಪಾರ್ಟ್‌ಮೆಂಟ್ ಸಂಘದ ವಾಟ್ಸಾಪ್ ಗುಂಪಿಗೋ, ಶಾಲೆಯ ಆಡಳಿತ ಮಂಡಳಿಯ ಗುಂಪಿಗೋ ಒಂದು ಕೊಟೇಶನ್ ಬರುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆದು ನೆಟ್‌ವರ್ಕ್ ಕೊಡುವ ಕೆಲಸ. ಸ್ವಿಚ್ಚಿನ ಬೆಲೆ, ಕೇಬಲಿನ ಬೆಲೆ, ಕೂಲಿ ಎಲ್ಲವೂ ಅರ್ಥವಾಗುತ್ತವೆ. ಕೊನೆಯಲ್ಲಿ ‘ಎಸ್‌ಎಫ್‌ಪಿ ಮಾಡ್ಯೂಲ್, 2’ ಎಂದೊಂದು ಸಾಲು. ಬೆರಳಿನಷ್ಟು ದೊಡ್ಡ ಆ ವಸ್ತುವಿಗೆ ಹಾಕಿರುವ ಬೆಲೆ ನೋಡಿ ಎಲ್ಲರೂ ಹುಬ್ಬೇರಿಸುತ್ತಾರೆ. ಬೇರೆ ಕಂಪನಿಯದ್ದು ಇದಕ್ಕಿಂತ ಎಷ್ಟೋ ಪಾಲು ಕಡಿಮೆಗೆ ಸಿಗುತ್ತದಲ್ಲ ಎಂದು ಯಾರೋ ಕೇಳುತ್ತಾರೆ. ಅಲ್ಲಿಂದ ಶುರು.

ಒಂದು ಕಡೆಯವರು ‘ಹೊರಗಿನ ಮಾಡ್ಯೂಲ್ ಹಾಕಿದರೆ ಸ್ವಿಚ್ ಸುಟ್ಟುಹೋಗುತ್ತದೆ, ವಾರಂಟಿಯೂ ಹೋಗುತ್ತದೆ’ ಎನ್ನುತ್ತಾರೆ. ಇನ್ನೊಂದು ಕಡೆಯವರು ‘ಎಲ್ಲ ಎಸ್‌ಎಫ್‌ಪಿಯೂ ಒಂದೇ, ಸುಮ್ಮನೆ ಅಗ್ಗದ್ದು ತಂದು ತೂರಿಸಿ’ ಎನ್ನುತ್ತಾರೆ. ಮೊದಲನೆಯದನ್ನು ನಂಬಿದರೆ ಹಣ ದಂಡ. ಎರಡನೆಯದನ್ನು ನಂಬಿದರೆ ಲಿಂಕ್ ಬರದೆ ವಾರಗಟ್ಟಲೆ ಪರದಾಟ, ಕೆಲವೊಮ್ಮೆ ಹೊಸ ಮಾಡ್ಯೂಲೇ ಹಾಳು. ಎರಡೂ ಮಾತುಗಳು ಎಲ್ಲಿ ಎಡವುತ್ತವೆ ಎಂದು ನೋಡೋಣ.

ಇದು ಏನು ಮಾಡುತ್ತದೆ?

ಸ್ವಿಚ್ಚಿನ ಒಳಗೆ ಓಡಾಡುವುದು ವಿದ್ಯುತ್ ಸಂಕೇತ. ಫೈಬರ್ ಕೇಬಲಿನಲ್ಲಿ ಓಡುವುದು ಬೆಳಕು. ಇವೆರಡರ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಟ್ರಾನ್ಸೀವರ್. ಅದರಲ್ಲಿ ಬೆಳಕು ಬಿಡುವ ಪುಟ್ಟ ಲೇಸರ್, ಬಂದ ಬೆಳಕನ್ನು ಹಿಡಿಯುವ ಒಂದು ಡಯೋಡ್, ಇವೆರಡನ್ನು ನಡೆಸುವ ಚಿಪ್ಪುಗಳು ಇರುತ್ತವೆ. ಅಗಲ 13.4 ಮಿಲಿಮೀಟರ್, ಉದ್ದ ಸುಮಾರು 56 ಮಿಲಿಮೀಟರ್. ಮನೆಗೆ ಬರುವ ಫೈಬರ್ ಇಂಟರ್‌ನೆಟ್ಟಿನಲ್ಲಿ ಈ ಕೆಲಸವನ್ನು ಗೋಡೆಗೆ ಹಾಕಿದ ಬಿಳಿ ಡಬ್ಬಿಯೇ ಮಾಡುವುದರಿಂದ ನಮ್ಮಲ್ಲಿ ಬಹಳ ಜನ ಇದನ್ನು ಕಣ್ಣಾರೆ ನೋಡಿರುವುದಿಲ್ಲ.

ಅಳತೆ ಇಷ್ಟು ನಿಖರವಾಗಿರುವುದಕ್ಕೆ ಕಾರಣವಿದೆ. ಸುಮಾರು 2000ದ ಹೊತ್ತಿಗೆ ಹಲವು ತಯಾರಕರು ಒಟ್ಟಿಗೆ ಕೂತು ಒಂದು ಒಪ್ಪಂದ ಮಾಡಿಕೊಂಡರು. ಮಾಡ್ಯೂಲಿನ ಗಾತ್ರ, ಅದರ ಹಿಂಭಾಗದ 20 ಸಂಪರ್ಕ ಬಿಂದುಗಳು, ಯಾವ ಬಿಂದುವಿಗೆ 3.3 ವೋಲ್ಟ್, ಯಾವುದರಲ್ಲಿ ದತ್ತಾಂಶ ಎಂಬುದೆಲ್ಲ ಅಂದೇ ಬರೆದಿಟ್ಟದ್ದು. ಯಾರು ಬೇಕಾದರೂ ತಯಾರಿಸಲಿ, ಯಾರ ಸ್ವಿಚ್ಚಿನಲ್ಲಿ ಬೇಕಾದರೂ ಕೂರಲಿ ಎಂಬುದೇ ಆ ಒಪ್ಪಂದದ ಉದ್ದೇಶ. ಅಂದಮೇಲೆ ಒಪ್ಪಂದದಂತೆ ಮಾಡಿದ ಮಾಡ್ಯೂಲ್ ‘ಹೊರಗಿನದು’ ಎಂಬ ಒಂದೇ ಕಾರಣಕ್ಕೆ ಸ್ವಿಚ್ ಸುಡುವುದಿಲ್ಲ. ಸ್ವಿಚ್ ಕೊಡುವ ವೋಲ್ಟೇಜು ಎರಡಕ್ಕೂ ಒಂದೇ.

ಹಾಗಾದರೆ ಸ್ವಿಚ್ ಯಾಕೆ ಬೇಡ ಎನ್ನುತ್ತದೆ?

ಪ್ರತಿ ಎಸ್‌ಎಫ್‌ಪಿಯಲ್ಲೂ 256 ಬೈಟಿನ ಒಂದು ಪುಟ್ಟ ನೆನಪಿನ ಚಿಪ್ ಇರುತ್ತದೆ. ಅದನ್ನು ಮಾಡ್ಯೂಲಿನ ಆಧಾರ್ ಕಾರ್ಡ್ ಎನ್ನಬಹುದು. ಯಾವ ಬಗೆ, ಎಷ್ಟು ವೇಗ, ಯಾವ ತರಂಗಾಂತರ, ಎಷ್ಟು ದೂರ ಎಂಬುದೆಲ್ಲ ಅದರಲ್ಲಿದೆ. 16 ಬೈಟುಗಳಲ್ಲಿ ತಯಾರಕರ ಹೆಸರು, ಮತ್ತೆ 16 ಬೈಟುಗಳಲ್ಲಿ ಮಾದರಿ ಸಂಖ್ಯೆ. ಕೊನೆಯಲ್ಲಿ ಕಂಪನಿಗಳು ತಮಗೆ ಬೇಕಾದ್ದನ್ನು ಬರೆದುಕೊಳ್ಳಲು ಒಂದಿಷ್ಟು ಜಾಗ. ಮಾಡ್ಯೂಲನ್ನು ತೂರಿಸಿದ ತಕ್ಷಣ ಸ್ವಿಚ್ ಮೊದಲು ಓದುವುದು ಇದನ್ನೇ.

ಕೆಲವು ದೊಡ್ಡ ಕಂಪನಿಗಳ ಸ್ವಿಚ್‌ಗಳು ಇಲ್ಲಿ ತಮ್ಮ ಹೆಸರೋ ತಮ್ಮ ಗುಪ್ತ ಸಂಕೇತವೋ ಇದೆಯೇ ಎಂದು ಹುಡುಕುತ್ತವೆ. ಇಲ್ಲದಿದ್ದರೆ ‘ಬೆಂಬಲವಿಲ್ಲದ ಮಾಡ್ಯೂಲ್’ ಎಂದು ಹೇಳಿ ಆ ಪೋರ್ಟನ್ನು ಮುಚ್ಚಿಬಿಡುತ್ತವೆ. ಬೆಳಕು, ವೇಗ, ಲೇಸರ್ ಯಾವುದರಲ್ಲೂ ತಪ್ಪಿಲ್ಲದಿದ್ದರೂ ಅಷ್ಟೆ. ಇದು ತಾಂತ್ರಿಕ ಅಡ್ಡಿಗಿಂತ ಹೆಚ್ಚಾಗಿ ವ್ಯಾಪಾರದ ಬೇಲಿ ಎಂಬುದು ನಮ್ಮ ಅಭಿಪ್ರಾಯ. ಬೇಲಿಗೆ ಗೇಟೂ ಇದೆ. ಸಿಸ್ಕೋದ ಹಲವು ಸ್ವಿಚ್‌ಗಳಲ್ಲಿ ‘ಸರ್ವಿಸ್ ಅನ್‌ಸಪೋರ್ಟೆಡ್ ಟ್ರಾನ್ಸೀವರ್’ ಎಂಬ ಆದೇಶ ಕೊಟ್ಟರೆ ಹೊರಗಿನ ಮಾಡ್ಯೂಲನ್ನೂ ಅವು ಒಪ್ಪಿಕೊಳ್ಳುತ್ತವೆ. ಇಂಟೆಲ್‌ನ ಕೆಲವು ಹತ್ತು ಗಿಗಾಬಿಟ್ ಕಾರ್ಡುಗಳಿಗೂ ಲಿನಕ್ಸ್ ಡ್ರೈವರಿನಲ್ಲಿ ಇಂಥದ್ದೇ ಆಯ್ಕೆ ಇದೆ. ಇನ್ನು ಕೆಲವು ತಯಾರಕರು ಬೇಲಿಯನ್ನೇ ಹಾಕುವುದಿಲ್ಲ.

‘ಕಂಪ್ಯಾಟಿಬಲ್’ ಎಂದು ಮಾರುವವರು ಮಾಡುವುದು ಇಷ್ಟೇ. ಅದೇ ಒಪ್ಪಂದದ ಪ್ರಕಾರ ತಯಾರಾದ ಮಾಡ್ಯೂಲಿನ ಚಿಪ್ಪಿನಲ್ಲಿ, ನಿಮ್ಮ ಸ್ವಿಚ್ ಓದಲು ಬಯಸುವ ಮಾಹಿತಿಯನ್ನು ಬರೆದು ಕೊಡುತ್ತಾರೆ. ಅದಕ್ಕೇ ಅವರು ಕೇಳುವ ಮೊದಲ ಪ್ರಶ್ನೆ, ನಿಮ್ಮ ಸ್ವಿಚ್ ಯಾವುದು ಎಂದು. ಈ ಪ್ರಶ್ನೆ ಕೇಳದೆ ‘ಎಲ್ಲದಕ್ಕೂ ಆಗುತ್ತೆ ಸಾರ್’ ಎನ್ನುವ ಅಂಗಡಿಯಿಂದ ಕೊಳ್ಳಬೇಡಿ.

ಇನ್ನೊಂದು ತಮಾಷೆ ಇದೆ. ಸಿಸ್ಕೋದ ಅಸಲಿ ಮಾಡ್ಯೂಲನ್ನೇ ಸ್ವಿಚ್ಚಿನಲ್ಲಿ ಹಾಕಿ ತಯಾರಕರ ಹೆಸರನ್ನು ಓದಿದರೆ ಎಷ್ಟೋ ಸಲ ‘ಸಿಸ್ಕೋ-ಫಿನಿಸಾರ್’, ‘ಸಿಸ್ಕೋ-ಅವಾಗೋ’ ಎಂದು ಕಾಣುತ್ತದೆ. ಫಿನಿಸಾರ್, ಅವಾಗೋ ಬೇರೆಯೇ ಕಂಪನಿಗಳಾಗಿದ್ದವು. ಸ್ವಿಚ್ ಮಾರುವವರು ಮಾಡ್ಯೂಲುಗಳನ್ನು ಹೀಗೆ ಹೊರಗೆ ಮಾಡಿಸಿ, ತಾವು ಪರೀಕ್ಷಿಸಿ, ತಮ್ಮ ಹೆಸರು ಹಚ್ಚಿ ಕೊಡುವುದು ಈ ವ್ಯಾಪಾರದಲ್ಲಿ ಮಾಮೂಲು. ಹೆಚ್ಚುವರಿ ಬೆಲೆ ಹೋಗುವುದು ಆ ಪರೀಕ್ಷೆಗೆ, ಆ ಹೆಸರಿಗೆ, ಕೆಟ್ಟಾಗ ಸಿಗುವ ಸಹಾಯಕ್ಕೆ. ಆಸ್ಪತ್ರೆಯ ಮುಖ್ಯ ಸ್ವಿಚ್ಚಿನಂಥ ಕಡೆ ಆ ಬೆಲೆ ಕೊಡುವುದರಲ್ಲಿ ಅರ್ಥವಿದೆ. ಪಾರ್ಕಿಂಗ್ ಜಾಗದ ನಾಲ್ಕು ಕ್ಯಾಮೆರಾಗಳಿಗೆ ಇಲ್ಲ.

ಕಂಪ್ಯಾಟಿಬಲ್ ಬೇರೆ, ನಕಲಿ ಬೇರೆ. ತನ್ನದೇ ಹೆಸರಿನ ಲೇಬಲ್ ಹಚ್ಚಿಕೊಂಡು ‘ಇಂಥ ಸ್ವಿಚ್ಚಿಗೆ ಹೊಂದುತ್ತದೆ’ ಎಂದು ಹೇಳಿ ಬರುವುದು ಕಂಪ್ಯಾಟಿಬಲ್. ದೊಡ್ಡ ಕಂಪನಿಯ ಲೋಗೋ, ಹಾಲೋಗ್ರಾಂ ಅಂಟಿಸಿಕೊಂಡು ಅಸಲಿ ಎಂದು ಬರುವುದು ನಕಲಿ. ಅಸಲಿ ಲೇಬಲ್, ಅರ್ಧಕ್ಕರ್ಧ ಬೆಲೆ, ಬಿಲ್ ಮಾತ್ರ ಇಲ್ಲ ಎಂದರೆ ಎರಡನೆಯದೇ ಎಂದು ಅನುಮಾನಿಸಿ.

ವಾರಂಟಿಯ ಮಾತು

‘ಹೊರಗಿನದು ಹಾಕಿದ ಕ್ಷಣವೇ ವಾರಂಟಿ ರದ್ದು’ ಎಂಬುದು ಅತಿ. ಸಿಸ್ಕೋ ಬಹಿರಂಗವಾಗಿ ಹೇಳಿರುವ ನೀತಿಯನ್ನೇ ತೆಗೆದುಕೊಳ್ಳಿ. ಬಂದ ದೋಷಕ್ಕೆ ಹೊರಗಿನ ಭಾಗವೇ ಕಾರಣ ಎಂದು ಕಂಡುಬಂದರೆ ಆ ದೋಷಕ್ಕೆ ಸಹಾಯ ನಿರಾಕರಿಸಬಹುದು ಎಂಬುದು ಅದರ ಸಾರ. ಅಂದರೆ ಫ್ಯಾನ್ ಕೆಟ್ಟರೆ ಅದಕ್ಕೂ ಮಾಡ್ಯೂಲಿಗೂ ಸಂಬಂಧವಿಲ್ಲ. ಆದರೆ ಲಿಂಕ್ ಬರುತ್ತಿಲ್ಲ ಎಂದು ಫೋನ್ ಮಾಡಿದರೆ, ‘ಅಸಲಿ ಮಾಡ್ಯೂಲ್ ಹಾಕಿ ನೋಡಿ, ಆಗಲೂ ಬರದಿದ್ದರೆ ಹೇಳಿ’ ಎನ್ನುವುದು ನಿಶ್ಚಿತ. ಅದಕ್ಕೇ ಅನುಭವಿಗಳು ಹತ್ತು ಕಂಪ್ಯಾಟಿಬಲ್ ಕೊಂಡರೂ ಜೊತೆಗೆ ಒಂದು ಜೋಡಿ ಅಸಲಿಯನ್ನು ಬೀರುವಿನಲ್ಲಿ ಇಟ್ಟಿರುತ್ತಾರೆ.

ಹೊರಗಿನ ಬಿಡಿಭಾಗ ಮತ್ತು ವಾರಂಟಿಯ ಈ ಜಗಳ ನೆಟ್‌ವರ್ಕಿಗೆ ಮಾತ್ರ ಸೀಮಿತವಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ್ದು ಬಿಡಿಭಾಗಗಳ ಮಾರುಕಟ್ಟೆಯನ್ನು ಕಟ್ಟಿಹಾಕಿದ್ದಕ್ಕೇ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಇಲ್ಲ ಎಂಬ ಷರತ್ತೂ ಅಲ್ಲಿ ಚರ್ಚೆಗೆ ಬಂದಿತ್ತು. ಆದೇಶ ಮೇಲ್ಮನವಿಗೂ ಹೋಯಿತು. ಅದು ಕಾರಿನ ವಿಷಯ, ಅದನ್ನೇ ತೋರಿಸಿ ಸ್ವಿಚ್ ಕಂಪನಿಯ ಜೊತೆ ವಾದಿಸಲಾಗದು. ನಿಮ್ಮ ಸ್ವಿಚ್ಚಿನ ವಾರಂಟಿ ಪತ್ರದಲ್ಲಿ ಏನಿದೆ ಎಂಬುದನ್ನು ಓದಿ. ಪರವಾನಗಿ ಪಡೆದ ಟೆಲಿಕಾಂ ಸಂಸ್ಥೆಗಳಿಗೆ ಉಪಕರಣ ಖರೀದಿಯ ನಿಯಮಗಳೇ ಬೇರೆ, ಈ ಲೇಖನ ಅವರಿಗಲ್ಲ.

ನಿಜವಾಗಿ ಹೊಂದದೇ ಇರುವುದು ಯಾವುದು?

ಹೆಸರಿನ ಜಗಳದಲ್ಲಿ ಜನ ಮರೆಯುವ ವಿಷಯ ಇಲ್ಲಿದೆ. ಸ್ವಿಚ್ ಎರಡೂ ಕಡೆ ಮಾಡ್ಯೂಲನ್ನು ಒಪ್ಪಿಕೊಂಡಿದೆ, ದೀಪ ಮಾತ್ರ ಹತ್ತುತ್ತಿಲ್ಲ. ಇಂಥ ಕಡೆ ಸಾಮಾನ್ಯವಾಗಿ ತಪ್ಪಿರುವುದು ಬೆಳಕಿನ ಲೆಕ್ಕ.

ಮೊದಲು ಕೇಬಲ್. ಫೈಬರಿನಲ್ಲಿ ಎರಡು ಜಾತಿ. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಹರಿಯುವ ನಡುವಿನ ಎಳೆ ಸುಮಾರು 9 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ಹತ್ತಿರ ಹತ್ತಿರ ಎಂಟನೇ ಒಂದು ಭಾಗ. ಮಲ್ಟಿ ಮೋಡ್‌ನಲ್ಲಿ ಅದು 50 ಅಥವಾ 62.5 ಮೈಕ್ರೋಮೀಟರ್. 850 ನ್ಯಾನೋಮೀಟರಿನ ಮಾಡ್ಯೂಲ್ ಮಲ್ಟಿ ಮೋಡಿಗೆ, 1310 ಮತ್ತು 1550 ನ್ಯಾನೋಮೀಟರಿನವು ಸಿಂಗಲ್ ಮೋಡಿಗೆ. ಕಟ್ಟಡದ ಒಳಗಿನ ಪ್ಯಾಚ್ ಕಾರ್ಡ್ ಹಳದಿಯಾಗಿದ್ದರೆ ಸಾಮಾನ್ಯವಾಗಿ ಸಿಂಗಲ್ ಮೋಡ್, ಕಿತ್ತಳೆ ಅಥವಾ ತಿಳಿನೀಲಿ ಹಸಿರಾಗಿದ್ದರೆ ಮಲ್ಟಿ ಮೋಡ್. ನೆಲದಡಿ ಹೋಗುವ ಕೇಬಲ್ ಮಾತ್ರ ಹೊರಗೆ ಕಪ್ಪಗೇ ಇರುತ್ತದೆ. ಅದರ ಮೈಮೇಲೆ ಅಚ್ಚಾದದ್ದನ್ನು ಓದಬೇಕು. ‘ಜಿ.652ಡಿ’ ಎಂದಿದ್ದರೆ ಸಿಂಗಲ್ ಮೋಡ್, ‘ಓಎಂ3’, ‘ಓಎಂ4’ ಎಂದಿದ್ದರೆ ಮಲ್ಟಿ ಮೋಡ್. ಈಗಿನ ಫೋನಿನಲ್ಲಿ ಒಂದು ಫೋಟೋ ಹೊಡೆದು ಅಂಗಡಿಯವರಿಗೆ ಕಳುಹಿಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎರಡನೆಯದು ಜೋಡಿ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಮಾತಾಡುವ ‘ಬೈಡಿ’ ಮಾಡ್ಯೂಲುಗಳು ಎಳೆ ಉಳಿಸುತ್ತವೆ ಎಂದು ನಮ್ಮಲ್ಲಿ ಬಹಳ ಬಳಕೆ. ಇವು ಗಂಡು ಹೆಣ್ಣಿನ ಹಾಗೆ ಜೊತೆಯಾಗಿಯೇ ಬರಬೇಕು. ಒಂದು ತುದಿಯದ್ದು 1310ರಲ್ಲಿ ಬೆಳಕು ಬಿಟ್ಟು 1550ರಲ್ಲಿ ಕೇಳಿಸಿಕೊಂಡರೆ, ಇನ್ನೊಂದು ತುದಿಯದ್ದು 1550ರಲ್ಲಿ ಬಿಟ್ಟು 1310ರಲ್ಲಿ ಕೇಳಬೇಕು. ‘ಒಂದೇ ಥರದ್ದು ಎರಡು ಕೊಡಿ’ ಎಂದು ಕೇಳಿ ತಂದರೆ ಎರಡೂ ಒಂದೇ ಬಣ್ಣದಲ್ಲಿ ಕೂಗುತ್ತವೆ, ಎರಡಕ್ಕೂ ಕೇಳಿಸುವುದಿಲ್ಲ. ಮಾಡ್ಯೂಲ್ ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸುವ ಮೊದಲು ಲೇಬಲಿನ ಈ ಎರಡು ಸಂಖ್ಯೆಗಳನ್ನು ನೋಡಿ.

ವೇಗದ ವಿಷಯ ಬೇಗ ಹೇಳಿಬಿಡುತ್ತೇವೆ. ಒಂದು ಗಿಗಾಬಿಟ್ಟಿನ ಎಸ್‌ಎಫ್‌ಪಿ, ಹತ್ತು ಗಿಗಾಬಿಟ್ಟಿನ ಎಸ್‌ಎಫ್‌ಪಿ ಪ್ಲಸ್ ನೋಡಲು ಒಂದೇ, ಕಿಂಡಿಯೂ ಒಂದೇ ಅಳತೆ. ಒಂದು ಗಿಗಾಬಿಟ್ಟಿನದ್ದು ಹತ್ತರ ಕಿಂಡಿಯಲ್ಲಿ ಬಹಳ ಸಲ ನಡೆಯುತ್ತದೆ. ಹತ್ತರದ್ದನ್ನು ಒಂದರ ಕಿಂಡಿಗೆ ಹಾಕಿದರೆ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಎರಡೂ ತುದಿಯ ವೇಗ ಒಂದೇ ಇರಬೇಕು. ಹಾಗೆಯೇ ಮನೆ ಇಂಟರ್‌ನೆಟ್ಟಿನ ಫೈಬರನ್ನು ಕಿತ್ತು ನೇರವಾಗಿ ಸ್ವಿಚ್ಚಿನ ಮಾಮೂಲಿ ಎಸ್‌ಎಫ್‌ಪಿಗೆ ಚುಚ್ಚಿದರೂ ಪ್ರಯೋಜನವಿಲ್ಲ. ಅದು ಜಿಪಾನ್ ಎಂಬ ಬೇರೆಯೇ ಪದ್ಧತಿ, ಇವೆರಡರ ಭಾಷೆ ಬೇರೆ.

ದೂರದ ಲೆಕ್ಕ

‘80 ಕಿಲೋಮೀಟರಿನ ಮಾಡ್ಯೂಲ್ ತಗೊಳ್ಳಿ, ಪವರ್ ಜಾಸ್ತಿ, ಯಾವುದಕ್ಕೂ ಇರಲಿ’ ಎಂಬ ಸಲಹೆ ನಮಗೆ ಬಹಳ ಅಪಾಯಕಾರಿ ಎನಿಸುತ್ತದೆ. ಯಾಕೆ ಎಂದು ಸಂಖ್ಯೆಯಲ್ಲೇ ನೋಡಿ.

ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸೊನ್ನೆ ಡಿಬಿಎಂ ಅಂದರೆ 1 ಮಿಲಿವ್ಯಾಟ್. ಮೈನಸ್ 10 ಅಂದರೆ ಅದರ ಹತ್ತನೇ ಒಂದು, ಮೈನಸ್ 20 ಅಂದರೆ ನೂರನೇ ಒಂದು. 3 ಡೆಸಿಬೆಲ್ ಕಡಿಮೆಯಾದರೆ ಬೆಳಕು ಅರ್ಧವಾಯಿತು ಎಂದು ತಿಳಿಯಿರಿ. 10 ಕಿಲೋಮೀಟರ್ ಎಂದು ಬರೆದ, ಎಲ್‌ಆರ್ ಎನ್ನುವ ಹತ್ತು ಗಿಗಾಬಿಟ್ ಮಾಡ್ಯೂಲ್ ಕನಿಷ್ಠ ಮೈನಸ್ 8.2 ಡಿಬಿಎಂ ಬೆಳಕು ಬಿಡಬೇಕು, ಆ ಕಡೆಗೆ ಕನಿಷ್ಠ ಮೈನಸ್ 14.4 ತಲುಪಬೇಕು ಎಂಬುದು ಮಾನದಂಡ. ನಡುವೆ ಕಳೆಯಲು ನಮಗಿರುವ ಬಂಡವಾಳ 6.2 ಡೆಸಿಬೆಲ್. ನಿಮ್ಮ ಫೈಬರ್ 6 ಕಿಲೋಮೀಟರ್ ಎಂದುಕೊಳ್ಳಿ. ಕಿಲೋಮೀಟರಿಗೆ 0.4 ರಂತೆ 2.4 ಹೋಯಿತು. ನಾಲ್ಕು ಕನೆಕ್ಟರಿಗೆ ತಲಾ 0.5 ಎಂದರೆ 2. ನಾಲ್ಕು ಕಡೆ ಎಳೆ ಬೆಸೆದಿದ್ದರೆ ಒಟ್ಟು 0.4. ಖರ್ಚು 4.8, ಕೈಯಲ್ಲಿ ಉಳಿದದ್ದು 1.4. ಲಿಂಕ್ ಬರುತ್ತದೆ. ಸಂತೆಗೆ ಹೋಗುವಾಗ ಜೇಬು ನೋಡಿಕೊಳ್ಳುವಷ್ಟೇ ಸರಳ ಲೆಕ್ಕ ಇದು. ಕೊಟೇಶನ್ ಕೊಟ್ಟವರಿಂದ ಈ ಲೆಕ್ಕ ಬರೆಸಿಕೊಳ್ಳಿ.

ಇದೇ ಮಾಡ್ಯೂಲ್ ಹೆಚ್ಚೆಂದರೆ 0.5 ಡಿಬಿಎಂ ಬಿಡುತ್ತದೆ, ಅದರ ಜೋಡಿ 0.5ರವರೆಗೂ ತಡೆದುಕೊಳ್ಳುತ್ತದೆ. ಹಾಗಾಗಿ ಎರಡು ಮೀಟರಿನ ತುಂಡಿನಲ್ಲೂ ಕ್ಷೇಮ. 80 ಕಿಲೋಮೀಟರಿನದ್ದು ಹಾಗಲ್ಲ. ಅದು ಸಾಮಾನ್ಯವಾಗಿ 0ಯಿಂದ 4 ಡಿಬಿಎಂ ಬಿಡುತ್ತದೆ, ಆದರೆ ಕೇಳುವ ಕಡೆಯ ಡಯೋಡು ಬಹಳ ಸೂಕ್ಷ್ಮ, ಮೈನಸ್ 7ಕ್ಕಿಂತ ಹೆಚ್ಚು ಬೆಳಕನ್ನು ಅದು ಬಯಸುವುದಿಲ್ಲ. ಎದುರಿನ ಕಟ್ಟಡಕ್ಕೆ ಇದನ್ನು ಹಾಕಿದರೆ ಮಿತಿಯ 5 ಪಟ್ಟಾದರೂ ಬೆಳಕು ಅದರ ಮೇಲೆ ಬೀಳುತ್ತದೆ. ಕಿವಿಯ ಹತ್ತಿರ ಬಂದು ಕಿರುಚಿದ ಹಾಗೆ. ಲಿಂಕ್ ಬರದಿರಬಹುದು, ತಪ್ಪುಗಳೊಂದಿಗೆ ಬರಬಹುದು, ಡಯೋಡೇ ಸುಟ್ಟುಹೋಗಬಹುದು. ಸುಡುವ ಭಯ ಇರುವುದಾದರೆ ಇಲ್ಲಿ, ಅದೂ ಅಸಲಿ ಕಂಪನಿಯ ಮಾಡ್ಯೂಲಿಗೂ ಅಷ್ಟೇ ಅನ್ವಯ. ಬಳಸಲೇಬೇಕಾದರೆ ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಹಾಕಬೇಕು.

ಬಿಸಿಯ ಬಗ್ಗೆಯೂ ಒಂದು ಮಾತು. ಮಾಮೂಲಿ ಮಾಡ್ಯೂಲಿನ ಮೈ 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ‘ಇಂಡಸ್ಟ್ರಿಯಲ್’ ಬಗೆಯದ್ದು 85ರವರೆಗೆ. ಎಸಿ ಕೋಣೆಯಲ್ಲಿ ಮಾಮೂಲಿಯೇ ಸಾಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಾರಸಿಯ ತಗಡಿನ ಪೆಟ್ಟಿಗೆಯೊಳಗೆ ಕೂರಿಸುವುದಾದರೆ ಎರಡನೆಯದನ್ನೇ ಕೇಳಿ. ತಾಮ್ರದ ಕೇಬಲಿಗೆಂದು ಬರುವ ಹತ್ತು ಗಿಗಾಬಿಟ್ ಮಾಡ್ಯೂಲುಗಳು ಫೈಬರಿನವಕ್ಕಿಂತ ಎರಡು ಮೂರು ಪಟ್ಟು ವಿದ್ಯುತ್ ತಿಂದು ಚೆನ್ನಾಗಿ ಕಾಯುತ್ತವೆ. ಅವನ್ನು ಅಕ್ಕಪಕ್ಕದ ಕಿಂಡಿಗಳಲ್ಲಿ ಒತ್ತೊತ್ತಾಗಿ ಹಾಕದಿರುವುದು ಒಳ್ಳೆಯದು.

ಕಣ್ಣು ಮತ್ತು ಫೋನ್ ಕ್ಯಾಮೆರಾ

‘ಬೆಳಕು ಬರುತ್ತಿದೆಯೇ ಎಂದು ಫೋನ್ ಕ್ಯಾಮೆರಾದಲ್ಲಿ ನೋಡಿ’ ಎಂಬ ವಿಡಿಯೋ ಸಲಹೆಯನ್ನು ನೀವೂ ನೋಡಿರಬಹುದು. ಟಿವಿ ರಿಮೋಟಿಗೆ ಇದು ನಿಜ, ಬಟನ್ ಒತ್ತಿದರೆ ಎಷ್ಟೋ ಫೋನುಗಳಲ್ಲಿ ನೇರಳೆ ಚುಕ್ಕೆ ಕಾಣುತ್ತದೆ. 850 ನ್ಯಾನೋಮೀಟರಿನ ಮಾಡ್ಯೂಲೂ ಕೆಲವು ಫೋನುಗಳಲ್ಲಿ ಹಾಗೆ ಕಾಣಬಹುದು. ಆದರೆ ಫೋನ್ ಕ್ಯಾಮೆರಾದ ಸಿಲಿಕಾನ್ ಸಂವೇದಕಕ್ಕೆ ಸುಮಾರು 1100 ನ್ಯಾನೋಮೀಟರಿನ ಆಚೆ ಏನೂ ಕಾಣದು. 1310, 1550ರ ಲೇಸರ್ ಉರಿಯುತ್ತಿದ್ದರೂ ಪರದೆಯ ಮೇಲೆ ಕತ್ತಲೆಯೇ. ‘ಬೆಳಕಿಲ್ಲ, ಕೆಟ್ಟಿದೆ’ ಎಂದು ಎಸೆದರೆ ನಷ್ಟ. ‘ಬೆಳಕಿಲ್ಲ, ಭಯವಿಲ್ಲ’ ಎಂದು ಕಣ್ಣಿಟ್ಟು ನೋಡಿದರೆ ಇನ್ನೂ ದೊಡ್ಡ ಅಪಾಯ.

ಮಾಮೂಲಿ ಮಾಡ್ಯೂಲುಗಳ ಲೇಸರ್ ಸಾಮಾನ್ಯ ಬಳಕೆಗೆ ಸುರಕ್ಷಿತ ಎಂಬ ಒಂದನೇ ವರ್ಗದ್ದೇ. ಆದರೂ ಕಾಣದ ಬೆಳಕಿಗೆ ಕಣ್ಣು ಮಿಟುಕಿಸುವುದಿಲ್ಲ, ಮುಖ ತಿರುಗುವುದಿಲ್ಲ. ಭೂತಗನ್ನಡಿ ಅಥವಾ ಸೂಕ್ಷ್ಮದರ್ಶಕ ಹಿಡಿದರಂತೂ ಬೆಳಕು ಒಂದೆಡೆ ಕೂಡಿ ಬೀಳುತ್ತದೆ. ಗೋಡೆಯಿಂದ ಹೊರಬಂದ ಎಳೆಯ ಆ ತುದಿಯಲ್ಲಿ ಯಾವ ಉಪಕರಣವಿದೆ ಎಂಬುದೂ ನಮಗೆ ಗೊತ್ತಿರುವುದಿಲ್ಲ. ಫೈಬರ್ ತುದಿಯನ್ನಾಗಲಿ ಮಾಡ್ಯೂಲಿನ ಕಿಂಡಿಯನ್ನಾಗಲಿ ಕಣ್ಣಿನ ನೇರಕ್ಕೆ ಹಿಡಿಯಬೇಡಿ, ಮಕ್ಕಳಿಗೆ ಆಡಲು ಕೊಡಬೇಡಿ. ಬೆಳಕು ಅಳೆಯಲು ಪವರ್ ಮೀಟರ್ ಇದೆ.

ಕೂರಿಸುವಾಗ

ಸ್ವಿಚ್ ಆಫ್ ಮಾಡಬೇಕಿಲ್ಲ, ಚಾಲೂ ಇರುವಾಗಲೇ ಹಾಕಿ ತೆಗೆಯಲೆಂದೇ ಇವನ್ನು ರೂಪಿಸಿದ್ದಾರೆ. ಮೊದಲು ರ‍್ಯಾಕಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ, ಕೈಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಹಿಂಭಾಗದ ಬಂಗಾರದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ. ಕ್ಲಿಕ್ ಎನ್ನುವವರೆಗೆ ಮೆಲ್ಲಗೆ ತಳ್ಳಿ. ಹೋಗದಿದ್ದರೆ ತಲೆಕೆಳಗಾಗಿದೆ ಎಂದರ್ಥ, ಬಲ ಹಾಕಬೇಡಿ. ತೆಗೆಯುವಾಗ ಮೊದಲು ಫೈಬರ್, ಆಮೇಲೆ ಹಿಡಿಯ ತಂತಿ ಬಿಡಿಸಿ ಮಾಡ್ಯೂಲ್.

ಎರಡು ಎಳೆಯ ಮಾಡ್ಯೂಲಾದರೆ ಈ ತುದಿಯ ಬಿಡುವ ಕಿಂಡಿ ಆ ತುದಿಯ ಕೇಳುವ ಕಿಂಡಿಗೆ ಹೋಗಬೇಕು. ಲಿಂಕ್ ಬರದಿದ್ದರೆ ಒಂದು ತುದಿಯಲ್ಲಿ ಮಾತ್ರ ಎರಡು ಎಳೆಗಳನ್ನು ಅದಲುಬದಲು ಮಾಡಿ ನೋಡಿ. ಹಸಿರು ತುದಿಯ ಕನೆಕ್ಟರನ್ನು ನೀಲಿಯದಕ್ಕೆ ಜೋಡಿಸಬೇಡಿ. ಹಸಿರಿನ ಮುಖ 8 ಡಿಗ್ರಿ ಓರೆ, ನೀಲಿಯದು ನೇರ, ಎರಡರ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ.

ಇನ್ನು ದೂಳು. 9 ಮೈಕ್ರೋಮೀಟರಿನ ಬಾಗಿಲಿಗೆ ಕಣ್ಣಿಗೆ ಕಾಣದ ಒಂದು ಕಣ ಅಡ್ಡ ಕೂತರೂ ಸಾಕು. ಬಾಯಿಂದ ಊದಿದರೆ ಎಂಜಲಿನ ಹನಿ, ಅಂಗಿಯಲ್ಲಿ ಒರೆಸಿದರೆ ನೂಲಿನ ಎಳೆ. ಒತ್ತಿದರೆ ಟಿಕ್ ಎನ್ನುವ ಪೆನ್ನಿನಂಥ ಕ್ಲೀನರ್ ಸಿಗುತ್ತದೆ, ಹೊಸ ಪ್ಯಾಚ್ ಕಾರ್ಡನ್ನೂ ಅದರಿಂದ ಒಮ್ಮೆ ಒರೆಸಿಯೇ ಹಾಕಿ. ಮುಚ್ಚಳಗಳನ್ನು ಕೊನೆಯ ಗಳಿಗೆಯವರೆಗೂ ತೆಗೆಯಬೇಡಿ, ತೆಗೆದವನ್ನು ಬಿಸಾಡಲೂಬೇಡಿ.

ದೀಪ ಹತ್ತಿತು ಎಂದು ಕೆಲಸದವರನ್ನು ಕಳುಹಿಸಿಬಿಡಬೇಡಿ. ಕೊಳ್ಳುವಾಗಲೇ ‘ಡಿಡಿಎಂ ಇರುವ ಮಾಡ್ಯೂಲ್’ ಎಂದು ಕೇಳಿದ್ದರೆ, ಅದು ತನ್ನ ಬಿಸಿ, ವೋಲ್ಟೇಜು, ಬಿಡುತ್ತಿರುವ ಬೆಳಕು, ಬರುತ್ತಿರುವ ಬೆಳಕು ಎಲ್ಲವನ್ನೂ ಸ್ವಿಚ್ಚಿಗೆ ಹೇಳುತ್ತಿರುತ್ತದೆ. ಎರಡೂ ತುದಿಯ ಆ ಸಂಖ್ಯೆಗಳನ್ನು ಮೊದಲ ದಿನವೇ ಬರೆಸಿ, ತಾರೀಖು ಹಾಕಿ, ರ‍್ಯಾಕಿನ ಬಾಗಿಲಿನ ಒಳಗೆ ಅಂಟಿಸಿ. ಜೊತೆಗೆ ಸ್ವಿಚ್ಚಿನ ಫರ್ಮ್‌ವೇರ್ ಆವೃತ್ತಿಯನ್ನೂ ಬರೆಯಿರಿ, ಏಕೆಂದರೆ ನಿನ್ನೆಯವರೆಗೆ ಒಪ್ಪುತ್ತಿದ್ದ ಹೊರಗಿನ ಮಾಡ್ಯೂಲನ್ನು ಅಪ್‌ಡೇಟ್ ಆದಮೇಲೆ ಸ್ವಿಚ್ ನಿರಾಕರಿಸುವುದುಂಟು. ಮುಂದೆ ಎಂದೋ ನೆಟ್ ನಿಧಾನವಾದಾಗ, ಮೈನಸ್ 6 ಇದ್ದ ಬೆಳಕು ಮೈನಸ್ 13ಕ್ಕೆ ಇಳಿದಿದ್ದರೆ ಮೊದಲು ಎರಡೂ ತುದಿಯ ಕನೆಕ್ಟರ್ ಒರೆಸಿಸಿ. ಏರದಿದ್ದರೆ ನೆಲ ಅಗೆದ ಜಾಗ ಹುಡುಕಿ, ಕೇಬಲ್ ಎಲ್ಲೋ ಮಡಿಚಿರಬಹುದು. ಆ ಕಡೆಯಿಂದ ಹೊರಡುವ ಬೆಳಕೇ ಕುಗ್ಗಿದ್ದರೆ ಮಾತ್ರ ಹೊಸ ಮಾಡ್ಯೂಲಿಗೆ ದುಡ್ಡು ತೆಗೆಯಿರಿ.